ಎಸಿ ಹುಳ

ನಾಲ್ಕನೇ ಸಾಲಿಗೆ ನೀರು ಬಿಡುವ ನಲ್ಲಿ ತಿರುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನುಜ ಹಿಪ್ಪುನೇರಳೆ ಗಿಡಗಳ ನಡುವೆ ಬಗ್ಗಿದಳು. ಹೊತ್ತು ಹುಟ್ಟುವುದರೊಳಗೆ ಎಳೆಸೊಪ್ಪು ಕೊಯ್ದು ಒದ್ದೆಗೋಣಿಯ ಕೆಳಗೆ ಸೇರಿಸಿಬಿಡಬೇಕು. ಬಿಸಿಲು ತಾಕಿದ ಸೊಪ್ಪನ್ನು ಅವಳ ರೇಷ್ಮೆಹುಳಗಳು ಮೂಸಿಯೂ ನೋಡುವುದಿಲ್ಲ. ಬುಟ್ಟಿ ಇನ್ನೂ ಅರ್ಧ ತುಂಬಿರಲಿಲ್ಲ, ಪಾದಕ್ಕೆ ತಣ್ಣಗೆ ನೀರು ತಾಕಿತು. ಹನಿ ನೀರಾವರಿಯ ಪೈಪು ಹನಿ ಹಾಕಬೇಕೇ ಹೊರತು ಕಾಲುವೆ ಹರಿಸಬಾರದು. ನೀರಿನ ಜಾಡು ಹಿಡಿದು ಸಾಲಿನ ಕೊನೆಗೆ ಹೋದರೆ, ನೀಲಿ ಗೆರೆಯ ಕರಿ ಪೈಪಿನಲ್ಲಿ ಎರಡು ಮೊಳದಷ್ಟು ಮಾಯವಾಗಿತ್ತು.

ಸೊಪ್ಪು ಕೊಯ್ಯಲು ಬರುವ ಓಬಳಮ್ಮ ಬಗ್ಗಿ ನೋಡಿ, ಅಳಿಲಿನ ಕೆಲಸ ಎಂದು ತೀರ್ಪು ಕೊಟ್ಟಳು. ತನುಜ ಪೈಪಿನ ತುದಿಯನ್ನು ಬೆರಳಿಂದ ಸವರಿದಳು. ಬ್ಲೇಡು ಹಾಕಿದಷ್ಟು ನೇರವಾಗಿತ್ತು.

"ಅಳಿಲು ಕಚ್ಚುತ್ತೆ ಓಬಳಮ್ಮ, ಎತ್ಕೊಂಡು ಹೋಗಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದಾಗ ಹರಿಕೃಷ್ಣ ಕಾಫಿ ಲೋಟದಿಂದ ತಲೆ ಎತ್ತದೆ, ಬೇಸಿಗೆಯಲ್ಲಿ ಅಳಿಲುಗಳಿಗೆ ಬಾಯಾರಿಕೆ ಹೆಚ್ಚೆಂದೂ, ಅವುಗಳ ಹಲ್ಲು ಕತ್ತಿಗಿಂತ ಹರಿತವೆಂದೂ ಐದು ನಿಮಿಷ ವಿವರಿಸಿದ. ಅಷ್ಟಕ್ಕೇ ಬಿಡದೆ ಸಂಜೆ ಫ್ಯಾಕ್ಟರಿಯಿಂದ ಹಳೆಯ ಸೀಡಿಗಳನ್ನು ತಂದು, ಅಳಿಲು ಬೆದರಲಿ ಎಂದು ಸಾಲುದ್ದಕ್ಕೂ ದಾರ ಕಟ್ಟಿ ತೂಗುಹಾಕಿದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನು ಸೊಪ್ಪಿನ ತೋಟಕ್ಕೆ ಕಾಲಿಟ್ಟದ್ದೇ ಅಪರೂಪ. ತನುಜಳಿಗೆ ಆಶ್ಚರ್ಯವಾಯಿತು. ಆದರೆ ಒಳಗೆ ಮೊಟ್ಟೆಗಳು ಒಡೆಯುವ ಹೊತ್ತಾಗಿದ್ದರಿಂದ ಆಶ್ಚರ್ಯವನ್ನು ಮುಂದುವರಿಸಲು ಬಿಡುವಾಗಲಿಲ್ಲ.

ಮಂಚೇನಹಳ್ಳಿಯ ಅಂಚಿನಲ್ಲಿರುವ ಆ ಮನೆಯ ಹಿತ್ತಲಲ್ಲಿ ತನುಜಳ ಚಾಕಿ ಮನೆಯಿದೆ. ಮೊಟ್ಟೆಯೊಡೆದು ಬಂದ, ಕೂದಲೆಳೆಯಷ್ಟು ಸಣ್ಣ ರೇಷ್ಮೆಹುಳಗಳನ್ನು ಎರಡು ಸಲ ಪೊರೆ ಬಿಡುವವರೆಗೆ, ಅಂದರೆ ಎಂಟೊಂಬತ್ತು ದಿನ, ಬಾಣಂತಿ ಕೋಣೆಯ ಮಗುವಿನಂತೆ ನೋಡಿಕೊಂಡು ಆಮೇಲೆ ರೈತರಿಗೆ ಒಪ್ಪಿಸುವುದು ಅವಳ ಕಸುಬು. ಹನ್ನೆರಡು ವರ್ಷದಿಂದ ಮಾಡುತ್ತಿದ್ದಾಳೆ. ಎಳೆ ಹುಳಕ್ಕೆ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿ ಬೇಕು. ಗೋಡೆಯಲ್ಲಿ ಥರ್ಮಾಮೀಟರ್ ಇದ್ದರೂ ಬಾಗಿಲು ತೆಗೆದ ಕೂಡಲೇ ಕೆನ್ನೆಗೆ ತಾಕುವ ಗಾಳಿಯಲ್ಲೇ ಇಪ್ಪತ್ತೇಳೋ ಇಪ್ಪತ್ತೊಂಬತ್ತೋ ಹೇಳಬಲ್ಲಳು.

ಹರಿಕೃಷ್ಣ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ಸೂಪರ್‌ವೈಸರ್. ನಟ್ಟು, ಬೋಲ್ಟು, ವಾಷರ್, ಪೈಪುಗಳ ನಡುವೆ ಹದಿನೆಂಟು ವರ್ಷ ಕಳೆದು, ವಸ್ತುವಿನ ಅಳತೆ ಗೊತ್ತಿದ್ದವನಿಗೆ ವಸ್ತುವೇ ಗೊತ್ತು ಎಂಬ ತತ್ವಕ್ಕೆ ಬಂದು ನಿಂತಿದ್ದ. ಹಿಂದಿನ ದೀಪಾವಳಿಗೆ, ಅಂದರೆ ಎರಡು ಸಾವಿರದ ಆರರಲ್ಲಿ, ಅವನು ಒಂದು ಬಿಳಿ ಕಾರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡಿದ್ದ. ಬೀದಿಗೆ ಮೊದಲ ಎಸಿ ಕಾರು. ಬೇಸಿಗೆ ಬಂದ ಮೇಲೆ ಗುಂಡಿ ಒತ್ತಿದರೆ, ಬಿಸಿಲಲ್ಲಿ ನಿಂತ ಎಮ್ಮೆ ಮುಖದ ಮೇಲೆ ಉಸಿರು ಬಿಟ್ಟಂತಾಯಿತು. ಫ್ಯಾಕ್ಟರಿಯ ವ್ಯಾನ್ ಡ್ರೈವರು ಕಾಯಿಲೆಯನ್ನು ಹೇಳಿದ: ಎಸಿಯ ಪಕ್ಕದಲ್ಲೇ ಹೀಟರ್ ಇರುತ್ತೆ, ಇಂಜಿನ್ನಿನ ಕುದಿನೀರು ಪೈಪಲ್ಲಿ ಅದರೊಳಗೆ ಸುತ್ತುತ್ತೆ, ಅದನ್ನು ತಡೆಯುವ ವಾಲ್ವ್ ಕೆಟ್ಟಿದ್ದರೆ ಎಸಿ ತಣ್ಣಗೆ ಮಾಡಿದ್ದನ್ನೆಲ್ಲ ಹೀಟರ್ ಬಿಸಿ ಮಾಡಿ ಕಳಿಸುತ್ತೆ. ಆ ನೀರು ಹೀಟರಿಗೆ ಹೋಗದೆ ಹಾಗೇ ಇಂಜಿನ್ನಿಗೆ ವಾಪಸ್ ಹೋಗುವಂತೆ ಒಂದು ತುಂಡು ಪೈಪು ಜೋಡಿಸಿದರೆ ಮುಗಿಯಿತು.

ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಎಂದೂ ಡ್ರೈವರು ಹೇಳಿದ್ದ. ಅದು ಹರಿಕೃಷ್ಣನ ಕಿವಿಗೆ ಬೀಳಲಿಲ್ಲ. ಸೀಡಿ ಕಟ್ಟುವ ಮುಂಚಿನ ಭಾನುವಾರವೇ ಬಾನೆಟ್ ಎತ್ತಿ ಅಳತೆ ತೆಗೆದಿದ್ದ. ಹದಿನಾರು ಮಿಲಿಮೀಟರ್. ಈ ಹದಿನಾರನ್ನು ಮನೆಯ ಹತ್ತಿರವೇ ಎಲ್ಲೋ ಕಂಡಂತಿದೆಯಲ್ಲ ಎಂದು ಅವನಿಗನ್ನಿಸಿತು. ಉಳಿದ ಕೆಲಸವನ್ನು, ಹೆಂಡತಿ ಚಾಕಿ ಮನೆಯ ಬಾಗಿಲು ಹಾಕಿಕೊಂಡಿದ್ದಾಗ, ಒಬ್ಬನೇ ಮಾಡಿ ಮುಗಿಸಿದ.

ಆ ಮಧ್ಯಾಹ್ನ ಕಾರಿನಲ್ಲಿ ಗೌರಿಬಿದನೂರಿನ ಮಗಳ ಮನೆಗೆ ಹೊರಟವರು ಅವನ ತಾಯಿ ವೆಂಕಟರತ್ನಮ್ಮ. ಎಪ್ಪತ್ತಾರರ ಅಜ್ಜಿ, ಹತ್ತುವಾಗ ಬೀಸಣಿಗೆ ಹಿಡಿದುಕೊಂಡಿದ್ದರು. ಇಳಿಯುವಾಗ ಬೀಸಣಿಗೆಯನ್ನು ಎದೆಗೆ ಅವುಚಿಕೊಂಡು ನಡುಗುತ್ತಿದ್ದರು.

"ಇರೋ ನಾಲ್ಕು ಹಲ್ಲೂ ಕಟಕಟ ಅಂತಾವಲ್ಲೋ ಹರಿ. ನನ್ನ ಕಳಿಸ್ಬೇಕು ಅಂತಿದ್ರೆ ಬಾಯಿಬಿಟ್ಟು ಹೇಳಪ್ಪ, ಹಿಂಗೆ ಐಸಲ್ಲಿ ಇಡ್ಬೇಡ."

ಮೂರು ದಿನ ಶುಂಠಿ ಕಷಾಯ ಕುಡಿದರು. ನೋಡಲು ಬಂದವರಿಗೆಲ್ಲ ಕಾರಿನೊಳಗಿನ ಚಳಿಯನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಹೆಚ್ಚಿಸಿ ವರ್ಣಿಸಿದರು. ಆ ನೆಗಡಿಯೇ ಕಾರಿಗೆ ಸಿಕ್ಕ ಮೊದಲ ಸರ್ಟಿಫಿಕೇಟು. ಮರು ಭಾನುವಾರ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ ಎಸಿ ಹಾಕಿದರೆ ಬೀದಿಯವರು ಸರದಿಯಲ್ಲಿ ಬಂದು ಕೂತರು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಪೇಪರ್ ಸಮೇತ ಬಂದು ಸಂಪಾದಕೀಯ ಮುಗಿಯುವವರೆಗೂ ಇಳಿಯಲಿಲ್ಲ. ಲಗ್ನಪತ್ರಿಕೆ ಹಂಚಲು ಬಂದವರು ಮುಂದಿನ ಮನೆಗಳನ್ನು ಸಂಜೆಗೆ ಮುಂದೂಡಿದರು. ಓಬಳಮ್ಮ ಕೈ ಕಟ್ಟಿಕೊಂಡು ಎರಡು ನಿಮಿಷ ಕೂತು, ಬೆಂಗಳೂರಿನ ದೊಡ್ಡಾಸ್ಪತ್ರೆ ಹಂಗೇ ಐತೆ, ವಾಸನೆ ಒಂದಿಲ್ಲ ಅಷ್ಟೆ ಎಂದು ಹೇಳಿ ಇಳಿದಳು.

ತನುಜಳ ತಾಪತ್ರಯ ಶುರುವಾದದ್ದು ಹುಳ ಸಾಗಿಸುವ ದಿನ. ಶಿಡ್ಲಘಟ್ಟದ ಆಚೆ, ಚಿಂತಾಮಣಿ ರಸ್ತೆಯ ರೈತ ವೆಂಕಟರವಣಪ್ಪನಿಗೆ ಇನ್ನೂರು ಮೊಟ್ಟೆಯ ಹುಳ ಕೊಡಬೇಕಿತ್ತು. ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ತತ್ತಿ. ಇನ್ನೂರಕ್ಕೆ ಸುಮಾರು ಎಂಬತ್ತು ಸಾವಿರ ಹುಳ, ನಾಲ್ಕು ಟ್ರೇ. ಯಾವಾಗಲೂ ಬೆಳಗಿನ ಐದಕ್ಕೆ ಮುನಿಶಾಮಿಯ ಲಗೇಜ್ ಆಟೋದಲ್ಲಿ ಒದ್ದೆಗೋಣಿ ಹೊದಿಸಿ ಒಯ್ಯುತ್ತಿದ್ದಳು. ಹರಿಕೃಷ್ಣ ಈ ಸಲ ರಜೆ ಹಾಕಿ ಕಾರಿನ ಹಿಂದಿನ ಸೀಟು ಒರೆಸಿಟ್ಟಿದ್ದ.

"ಎಳೆ ಹುಳಕ್ಕೆ ತಂಪು ಆಗಲ್ಲ ರೀ. ಚಳಿಗಾಲದಲ್ಲಿ ಇದ್ದಿಲ ಒಲೆ ಇಟ್ಟು ಕಾಯಿಸ್ತೀನಿ, ನೋಡಿಲ್ವಾ?"

"ನಮ್ಮ ಫ್ಯಾಕ್ಟರೀಲಿ ಕಂಪ್ಯೂಟರ್‌ಗೇ ಎಸಿ ಹಾಕವ್ರೆ. ಕಂಪ್ಯೂಟರ್‌ಗೆ ಆಗೋದು ಹುಳಕ್ಕೆ ಆಗಲ್ವಾ?"

ತನುಜ ಒಳಗೆ ಹೋಗಿ ಅತ್ತೆಯ ಕಂಬಳಿ ತಂದು ಟ್ರೇಗಳಿಗೆ ಸುತ್ತಿದಳು. ಕಾರಿನಲ್ಲಿ ತೂಗುತ್ತಿದ್ದ ಸೆಂಟಿನ ಡಬ್ಬಿಯನ್ನು ಬೇಲಿಯಾಚೆ ಎಸೆದಳು, ಹುಳಕ್ಕೆ ಸುವಾಸನೆಯೂ ವಿಷವೇ. ಥರ್ಮಾಮೀಟರನ್ನು ಕಂಬಳಿಯೊಳಗೆ ತೂರಿಸಿ ಟ್ರೇಗಳ ಪಕ್ಕ ಮುದುರಿ ಕೂತಳು. ಅದು ಇಪ್ಪತ್ತಕ್ಕೆ ಇಳಿದಾಗಲೆಲ್ಲ ಒಂದೊಂದು ನೆಪ ತೆಗೆದು ಕಾರು ನಿಲ್ಲಿಸಿದಳು. ಒಮ್ಮೆ ತೆಂಗಿನಕಾಯಿ ಬೇಕೆಂದಳು, ಚಿಕ್ಕಬಳ್ಳಾಪುರದಲ್ಲಿ ಕನಕಾಂಬರ ಬೇಕೆಂದಳು, ಆಮೇಲೆ ಹೊಟ್ಟೆ ತೊಳಸುತ್ತಿದೆ ಎಂದಳು, ಶಿಡ್ಲಘಟ್ಟದ ಹತ್ತಿರ ಹಳೇ ಗೆಳತಿಯ ಮನೆ ಹುಡುಕಿದಳು. ಪ್ರತಿ ಸಲ ಇಳಿಯುವಾಗ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಆಚೆಯ ಬೆಚ್ಚನೆ ಗಾಳಿ ಹುಳಕ್ಕೆ ತಾಕಿದ ಮೇಲೇ ವಾಪಸ್ ಬಂದಳು. ನಲವತ್ತು ಕಿಲೋಮೀಟರ್ ನೆಟ್ಟಗೆ ಕೂರಲಾರದ ಹೆಂಗಸರ ಬಗ್ಗೆ ಹರಿಕೃಷ್ಣ ದಾರಿಯುದ್ದಕ್ಕೂ ಬೇಸರಪಟ್ಟುಕೊಂಡ.

ಆ ಬೆಳೆಯಲ್ಲಿ ವೆಂಕಟರವಣಪ್ಪನಿಗೆ ಎಂದಿಗಿಂತ ಹೆಚ್ಚಾಗಿ, ನೂರು ಮೊಟ್ಟೆಗೆ ಎಂಬತ್ತು ಕೆಜಿ ಗೂಡು ಬಂತು. ಅವನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ನಟ್ಟನಡುವೆ ನಿಂತು ಕಾರಣ ಹೇಳಿದ. ಹುಳ ಎಸಿಯಲ್ಲಿ ಬಂದಿತ್ತು. ದೊಡ್ಡ ಮನುಷ್ಯರ ಹಾಗೆ ಕಾರಲ್ಲಿ ಕೂತು ಬಂದ ಹುಳ ಗೂಡನ್ನೂ ದೊಡ್ಡದಾಗಿಯೇ ಕಟ್ಟುತ್ತೆ. ಅವನ ಸೊಸೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ ಕಸ ತೆಗೆದದ್ದಾಗಲಿ, ಹುಳ ಗಟ್ಟಿಯಾಗಿ ಬೆಳೆದು ಬಂದದ್ದಾಗಲಿ ಮಾತಿನಲ್ಲಿ ಬರಲಿಲ್ಲ. ವಾರದೊಳಗೆ 'ಎಸಿ ಹುಳ' ಎಂಬ ಹೊಸ ತಳಿಯೇ ಹುಟ್ಟಿಕೊಂಡಿತು. ಚಿಂತಾಮಣಿ ಕಡೆಯಿಂದೆಲ್ಲ ಫೋನು ಬಂತು. ಒಂದನ್ನು ತನುಜಳೇ ಎತ್ತಿದಳು.

"ಅಮ್ಮಾ, ಎಸಿ ಹುಳದ ಯಜಮಾನ್ರು ಅವ್ರಾ?"

"ಹುಳ ಸಾಕೋದು ನಾನೇ. ಹೇಳಿ."

"ಹುಳ ಸರಿ ಬಿಡಮ್ಮ. ಎಸಿ ಬಗ್ಗೆ ಕೇಳ್ಬೇಕಿತ್ತು."

ತನುಜ ಫೋನನ್ನು ಗಂಡನ ಕೈಗೆ ಕೊಟ್ಟು ಸೊಪ್ಪು ಹೆಚ್ಚಲು ಹೋದಳು. ಆ ಹೊತ್ತು ಸೊಪ್ಪು ಎಂದಿಗಿಂತ ಸಣ್ಣಗೆ ಹೆಚ್ಚಲ್ಪಟ್ಟಿತು.

ಏಪ್ರಿಲ್ ನಡುವೆ ರೇಷ್ಮೆ ಅಧಿಕಾರಿ ನರಸಿಂಹಮೂರ್ತಿ ತಾವಾಗಿಯೇ ಬರುತ್ತೇನೆಂದು ಹೇಳಿ ಕಳಿಸಿದರು. ಮಾನ್ಯತೆ ಪಡೆದ ಚಾಕಿ ಕೇಂದ್ರಗಳ ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಿ ಎಂದು ತನುಜ ಮೂರು ಅರ್ಜಿ ಬರೆದಿದ್ದಳು. ಪಟ್ಟಿಯಲ್ಲಿ ಹೆಸರಿದ್ದರೆ ರೈತರು ತಾವಾಗಿ ಬರುತ್ತಾರೆ. ಹಿತ್ತಲಿನ ಹೆಂಗಸು ಎಂಬುದು ಹೋಗಿ ಕೇಂದ್ರ ಎಂಬ ಬೋರ್ಡು ಬರುತ್ತದೆ. ಈಗ ಅಧಿಕಾರಿಗಳೇ ಕಾರಿನಲ್ಲಿ ಕೂತು, ಹುಳದ ಜೊತೆ ವೆಂಕಟರವಣಪ್ಪನ ಮನೆವರೆಗೆ ಬಂದು ಕಣ್ಣಾರೆ ನೋಡುವವರಿದ್ದರು. ಅವನ ಮುಂದಿನ ಬೆಳೆಗೆ ಕೊಡುವ ಇನ್ನೂರು ಮೊಟ್ಟೆಯ ಹುಳ ಚೆನ್ನಾಗಿ ತಲುಪಿದರೆ ಪಟ್ಟಿಗೆ ಶಿಫಾರಸು. ಅವರ ಕಣ್ಣೆದುರೇ ಸತ್ತರೆ, ಹನ್ನೆರಡು ವರ್ಷದಲ್ಲಿ ಮಾಡಿದ ಹೆಸರೂ ಅಲ್ಲಿಗೆ ಮುಗಿಯಿತು.

ಐದಕ್ಕೇ ಹೊರಡೋಣ ಎಂದು ತನುಜ ಎಷ್ಟು ಹೇಳಿದರೂ, ಎಸಿ ಇದ್ದಮೇಲೆ ಸೂರ್ಯನ ಹಂಗೇನು ಎಂದು ಹರಿಕೃಷ್ಣ ಕೇಳಿದ. ಅಧಿಕಾರಿ ಬಂದದ್ದು ಹತ್ತಕ್ಕೆ. ಉಪ್ಪಿಟ್ಟು, ಕೇಸರಿಬಾತು, ಕಾರಿಗೆ ನಿಂಬೆಹಣ್ಣಿನ ಪೂಜೆ ಮುಗಿದು ಹೊರಟಾಗ ಹನ್ನೊಂದೂವರೆ. ಅಧಿಕಾರಿ ಮುಂದಿನ ಸೀಟಿನಲ್ಲಿ. ಹಿಂದೆ ಕಂಬಳಿ ಸುತ್ತಿದ ನಾಲ್ಕು ಟ್ರೇ, ಅವುಗಳ ಪಕ್ಕ ತನುಜ, ಕಾಲಡಿಯಲ್ಲಿ ಯಾತಕ್ಕೂ ಇರಲಿ ಎಂದು ಮಡಚಿಟ್ಟ ಎರಡು ಗೋಣಿತಾಟು. ಈ ಸಲ ಹೊಟ್ಟೆ ತೊಳಸುವುದು ಚಿಕ್ಕಬಳ್ಳಾಪುರದೊಳಗೇ ಮೂರು ಸಲ ಆಗಿಹೋಯಿತು.

ಊರು ದಾಟಿ ಶಿಡ್ಲಘಟ್ಟದ ರಸ್ತೆ ಹಿಡಿದು ನಾಲ್ಕು ಮೈಲಿ ಹೋಗಿರಬಹುದು. ಕಾರಿನ ಮೂತಿಯ ಸಂದಿನಿಂದ ಬೆಳ್ಳಗೆ ಏನೋ ಎದ್ದು ಗಾಜಿನ ಮೇಲೆ ಹರಡಿತು. ನರಸಿಂಹಮೂರ್ತಿ ಮುಂದಕ್ಕೆ ಬಾಗಿದರು.

"ಏನ್ರೀ ಇದು ಹರಿಕೃಷ್ಣ, ಮಂಜು?"

"ಫುಲ್ಲಲ್ಲಿ ಇಟ್ಟಿದ್ದೀನಲ್ಲ ಸಾರ್. ಒಳಗೆ ಹಿಡಿಸ್ದೆ ಆಚೆಗೂ ಬರ್ತಾ ಐತೆ."

ಅಧಿಕಾರಿ ಮೆಚ್ಚುಗೆಯಿಂದ ತಲೆದೂಗಿ, ಊಟಿಯಲ್ಲಿ ಹೀಗೇ ಇರುತ್ತದೆ ಎಂದರು. ಹರಿಕೃಷ್ಣ ವೈಪರ್ ಹಾಕಿದ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಎದುರು ಬರುವ ಬಸ್ಸಿನವರು ಬೆರಗಾಗಿ ನೋಡುತ್ತಿರಲು, ಆ ಕಾರು ತನ್ನದೇ ಮಂಜಿನಲ್ಲಿ ಗಂಭೀರವಾಗಿ ಸಾಗಿತು. ದಿನಕ್ಕೆರಡು ಸಲ ಅನ್ನ ಬೇಯಿಸುವ ತನುಜಳಿಗೆ ಮಂಜಿಗೂ ಹಬೆಗೂ ವ್ಯತ್ಯಾಸ ಗೊತ್ತಿತ್ತು.

"ಮಂಜಲ್ಲ ರೀ, ಹಬೆ. ನಿಲ್ಸಿ."

"ನಿಂಗೆ ಗೊತ್ತಾಗಲ್ಲ, ಸುಮ್ನೆ ಕೂತ್ಕೋ."

ಅವಳು ಸುಮ್ಮನೆ ಕೂತಳು. ಕಾರೇ ನಿಂತಿತು.

ಬಾನೆಟ್ ಎತ್ತಿದಾಗ ಹಬೆ ಇಳಿಯಲು ಐದು ನಿಮಿಷ ಹಿಡಿಯಿತು. ಒಳಗೆ ಎರಡು ಮೊಳದ ಕರಿ ಪೈಪೊಂದು ಬೆಂದ ಪಡವಲಕಾಯಿಯ ಹಾಗೆ ಉಬ್ಬಿ ಜೋತುಬಿದ್ದಿತ್ತು. ಅದರ ಮೈಮೇಲೆ ನೀಲಿ ಗೆರೆ. ನಡುವೆ ಗಿಡಕ್ಕೆ ಹನಿ ಬೀಳುವ ತೂತು. ಆ ತೂತಿಗೆ, ಹೊಲದಲ್ಲಿ ಬೇಡದ ಕಡೆ ಹನಿ ನಿಲ್ಲಿಸಲು ಹಾಕುವ ಪುಟ್ಟ ಪ್ಲಾಸ್ಟಿಕ್ ಬಿರಡೆಯನ್ನು ಹಾಕಿ, ಸೈಕಲ್ ಟ್ಯೂಬು ಸುತ್ತಿದ್ದ ಗುರುತಿತ್ತು. ಬಿರಡೆ ಎಗರಿ ರಸ್ತೆಯ ಪಾಲಾಗಿತ್ತು. ಬೋರ್‌ವೆಲ್ಲಿನ ತಣ್ಣೀರಿಗೆ ಮಾಡಿದ ಆ ಪೈಪು ಕುದಿನೀರನ್ನು ಇಷ್ಟು ದಿನ ಹೇಗೆ ತಡೆದಿತ್ತೋ.

ತನುಜ ಪೈಪನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಅಳಿಲು ಇಲ್ಲೇ ಇದೆಯಲ್ಲ."

ಅದಕ್ಕಿಂತ ಹೆಚ್ಚಿಗೆ ಹೇಳಲು ಹೊತ್ತಿರಲಿಲ್ಲ. ಎಸಿ ನಿಂತ ಕಾರು ನಿಮಿಷ ನಿಮಿಷಕ್ಕೂ ಒಲೆಯಾಗುತ್ತಿತ್ತು. ಕಂಬಳಿಯೊಳಗೆ ಕೈಯಿಟ್ಟರೆ ಮೂವತ್ತೆರಡು ದಾಟಿದೆ ಎಂದು ಅಂಗೈ ಹೇಳಿತು. ಅವಳು ಒಂದೊಂದಾಗಿ ಟ್ರೇ ಹೊತ್ತು ರಸ್ತೆ ಬದಿಯ ಹುಣಸೆಮರದ ನೆರಳಿಗೆ ಇಳಿಸಿದಳು. ಮೂರನೆಯದನ್ನು, ಯಾರೂ ಹೇಳದಿದ್ದರೂ, ಅಧಿಕಾರಿಗಳೇ ಹೊತ್ತು ತಂದರು. ಪಕ್ಕದ ಟೊಮೇಟೊ ತೋಟದ ತೊಟ್ಟಿಯಲ್ಲಿ ಗೋಣಿತಾಟು ಅದ್ದಿ, ಹಿಂಡಿ, ಕೊಂಬೆಯಿಂದ ಕೊಂಬೆಗೆ ಪರದೆಯಂತೆ ಕಟ್ಟಿದಳು. ಗಾಳಿ ಅದರ ಮೂಲಕ ಬೀಸಿದಾಗ ಹುಳದ ಮೇಲೆ ಮುಖವಿಟ್ಟು ನೋಡಿದಳು. ಇಪ್ಪತ್ತೆಂಟು. ಕೂದಲೆಳೆಯಷ್ಟಿದ್ದಾಗ ಅವಳ ಕೈಗೆ ಬಂದವು, ಈಗ ಹೆಸರುಕಾಳಿನುದ್ದವಾಗಿ ತಲೆ ಅಲ್ಲಾಡಿಸುತ್ತಿದ್ದವು. ಗಂಡ ಮೆಕ್ಯಾನಿಕ್ಕಿನ ನಂಬರ್ ಯಾರ ಹತ್ತಿರ ಕೇಳುವುದೆಂದು ಯೋಚಿಸುತ್ತಿರುವಾಗ ಅವಳು ಮುನಿಶಾಮಿಗೆ ಫೋನು ಮಾಡಿ ಮುಗಿಸಿದ್ದಳು.

ಮುನಿಶಾಮಿ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲೇ ಇದ್ದ. ಇಪ್ಪತ್ತು ನಿಮಿಷದಲ್ಲಿ ಅವನ ಲಗೇಜ್ ಆಟೋ ಬಂತು. ಒದ್ದೆಗೋಣಿಯ ಸಮೇತ ಹುಳ ಹತ್ತಿಸಿಕೊಂಡು, ಟ್ರೇಗಳ ನಡುವೆ ಕೂತು ತನುಜ ಹೊರಟುಹೋದಳು. ಕೂತವಳ ಬೆನ್ನಿಗೆ ಬಿಸಿಲು ಬಡಿಯುತ್ತಿತ್ತು, ಹುಳಕ್ಕೆ ಬಡಿಯುತ್ತಿರಲಿಲ್ಲ.

ಮೆಕ್ಯಾನಿಕ್ ಗಂಗರಾಜು ಬಂದು ಬಾನೆಟ್ಟಿನೊಳಗೆ ನೋಡಿ, ಇಲ್ಲಿ ಏನು ಬೆಳೆ ಹಾಕಿದ್ದೀರ ಎಂದು ಕೇಳಿದನಂತೆ. ಹರಿಕೃಷ್ಣ ಕಿತ್ತು ಎತ್ತಿಟ್ಟಿದ್ದ ಹಳೆಯ ಪೈಪುಗಳನ್ನು ಡಿಕ್ಕಿಯಿಂದ ತೆಗೆದು, ಹೀಟರನ್ನು ಮೊದಲಿನಂತೆ ಸೇರಿಸಿದ. ಇಂಜಿನ್ ಕಾದುಹೋಗಿದೆ, ಅದರ ಬಿಸಿ ಕಳೆಯಬೇಕಾದರೆ ಎಸಿ ಮುಟ್ಟಬೇಡಿ, ಹೀಟರನ್ನು ಪೂರ್ತಿ ಹಾಕಿಕೊಂಡು ಮೆಲ್ಲಗೆ ಹೋಗಿ ಎಂದ. ಹಾಗಾಗಿ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಜಿಲ್ಲೆಯ ಏಕೈಕ ಎಸಿ ಹುಳದ ಕಾರು, ಹೀಟರ್ ಹಾಕಿಕೊಂಡು, ಒಬ್ಬ ಸ್ಟೋರ್ಸ್ ಸೂಪರ್‌ವೈಸರನ್ನೂ ಒಬ್ಬ ಸರ್ಕಾರಿ ಅಧಿಕಾರಿಯನ್ನೂ ಬೇಯಿಸುತ್ತ ಶಿಡ್ಲಘಟ್ಟ ದಾಟಿತು.

ಅಷ್ಟರಲ್ಲಿ ವೆಂಕಟರವಣಪ್ಪ ಹುಳ ಇಳಿಸಿಕೊಂಡಾಗಿತ್ತು. ಟ್ರೇಗೆ ಕೈಯಿಟ್ಟು ನೋಡಿ, ಒದ್ದೆಗೋಣಿಯಿಂದ ಬಂದ ತಂಪನ್ನು ಅನುಭವಿಸಿ, ಅಬ್ಬ, ಎಸಿ ಇನ್ನೂ ಇಳಿದಿಲ್ಲ ನೋಡಿ ಎಂದು ನೆರೆದವರಿಗೆಲ್ಲ ಮುಟ್ಟಿಸಿದ. ಹುಳ ಹೊಸ ಸೊಪ್ಪಿಗೆ ಮುಗಿಬಿದ್ದು ಚರಚರನೆ ಮೇಯತೊಡಗಿದವು. ಆಗ ಕಾರು ಬಂದು ನಿಂತಿತು. ಬಾಗಿಲು ತೆಗೆದು ಇಳಿದ ಇಬ್ಬರ ಅಂಗಿಯೂ ಮೈಗೆ ಅಂಟಿತ್ತು. ಮುಖ ಬದನೆಕಾಯಿ ಸುಟ್ಟಂತಿತ್ತು. ಅಧಿಕಾರಿಗಳ ಕೈಯಲ್ಲಿದ್ದ ಫೈಲೂ ಬೆವೆತಿತ್ತು. ಒಬ್ಬ ರೈತ ಕಾರಿನೊಳಗೆ ತಲೆ ಹಾಕಿ ಹೊರಗೆಳೆದುಕೊಂಡ.

ವೆಂಕಟರವಣಪ್ಪ ನಿಧಾನವಾಗಿ ಟವೆಲನ್ನು ಹೆಗಲಿಂದ ತೆಗೆದು, ಅರ್ಥವಾದವನಂತೆ ಎರಡೂ ಕೈ ಜೋಡಿಸಿದ.

"ತಂಪೆಲ್ಲ ಹುಳಕ್ಕೇ ಕೊಟ್ಟುಬಿಟ್ಟು ತಾವು ಬೆಂದ್ಕೊಂಡು ಬಂದವ್ರೆ ಕಣ್ರಪ್ಪ. ಎಂತಾ ಮನುಷುಲಯ್ಯಾ."

ಹರಿಕೃಷ್ಣ ಬಾಯಿ ತೆರೆದ. ಹೆಂಡತಿಯ ಕಡೆ ನೋಡಿದ. ಅವಳು ಗೋಣಿ ಮಡಚುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ, ಮತ್ತು ವಿನಯದಿಂದ ತಲೆ ಬಾಗಿಸಿದ. ನರಸಿಂಹಮೂರ್ತಿ ಎರಡು ಚೊಂಬು ಮಜ್ಜಿಗೆ ಕುಡಿದು, ಹುಳ ನೋಡಿ, ಸತ್ತವು ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಲ್ಲೇ ಕೂತು ಶಿಫಾರಸು ಬರೆದರು. ತನುಜ ಇಣುಕಿ ಓದಿದಳು. ಅವಳ ಹೆಸರಿತ್ತು, ಕಾಗುಣಿತವೂ ಸರಿಯಿತ್ತು. ಅರ್ಹತೆ ಎಂಬ ಜಾಗದಲ್ಲಿ ಹೀಗಿತ್ತು: 'ಶೀತಲ ವಾಹನ ಸೌಲಭ್ಯ ಹೊಂದಿದ್ದಾರೆ.' ಮರದ ಕೆಳಗೆ ಟ್ರೇ ಹೊತ್ತಿದ್ದು ಅವರಿಗೂ ನೆನಪಿತ್ತೆಂದು ಕಾಣುತ್ತದೆ. ಪೆನ್ನಿನ ಮುಚ್ಚಳ ಹಾಕುವಾಗ ಅವಳ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಗಂಗರಾಜುವಿನ ಶೆಡ್ಡಿನ ಮುಂದೆ ತನುಜ ಸ್ಟೂಲಿನ ಮೇಲೆ ಕೂತಿದ್ದಳು. ಇನ್ನು ಮುಂದೆ ಬಾನೆಟ್ ಎತ್ತುವುದಿಲ್ಲವೆಂದು ಹರಿಕೃಷ್ಣನಿಂದ ಅವನ ತಾಯಿ ಆಣೆ ಹಾಕಿಸಿಕೊಂಡಿದ್ದರು. ಅವನು ರಸ್ತೆಯಾಚೆಯ ಟೀ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಎಸಿ ಹುಳದ ಕಥೆ ಹೇಳುತ್ತಿದ್ದ.

ಗಂಗರಾಜು ಕೈ ಒರೆಸಿಕೊಂಡು ಅವಳನ್ನು ಕರೆದು ತೋರಿಸಿದ. ಹೀಟರಿಗೆ ಹೋಗುವ ದಾರಿಯಲ್ಲಿ ಗಟ್ಟಿ ರಬ್ಬರ್ ಪೈಪು, ಅದರ ನಡುವೆ ಒಂದು ಹಿತ್ತಾಳೆ ನಲ್ಲಿ.

"ಮುಚ್ಚಿದ್ರೆ ಬರೀ ಎಸಿ, ಐಸು. ತೆಗೆದ್ರೆ ಬಿಸಿ. ಅಣ್ಣಾವ್ರಿಗೆ ಹೇಳಿಲ್ಲಮ್ಮ, ಹೇಳಿದ್ರೆ ಮತ್ತೆ ಕೈ ಹಾಕ್ತಾರೆ."

ದಿನಾ ಬೆಳಗ್ಗೆ ತೋಟದಲ್ಲಿ ತಿರುಗಿಸುವ ನಲ್ಲಿಯ ತಂಗಿಯಂತಿತ್ತು ಅದು. ತನುಜ ಕೈ ಚಾಚಿದಳು.

"ಅರ್ಧ ತಿರುಗಿಸಿದ್ರೆ?"

"ಅರ್ಧ ಬಿಸಿ, ಅರ್ಧ ತಣ್ಣಗೆ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಅದು ಯಾರಿಗೆ ಬೇಕಮ್ಮ?"

ಗಂಗರಾಜು ಸ್ಪ್ಯಾನರ್ ಹುಡುಕಲು ಒಳಗೆ ಹೋದಾಗ, ಓಡುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿ ನಲ್ಲಿಯನ್ನು ಅರ್ಧ ತಿರುಗಿಸಿದಳು. ಕಾರಿನೊಳಗೆ ಕೂತು, ಗಾಳಿ ಬರುವ ಕಿಂಡಿಗೆ ಕೆನ್ನೆ ಕೊಟ್ಟಳು. ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಸುಮ್ಮನೆ ಸಾಕ್ಷಿಗೆ ಹಿಡಿದಳು. ಸ್ವಲ್ಪ ಹೊತ್ತಿಗೆ ಪಾದರಸ ಬಂದು ನಿಂತಿತು. ಇಪ್ಪತ್ತೇಳು.

ಎದ್ದು ಹೋಗಿ ನಲ್ಲಿಯನ್ನು ಮೊದಲಿನಂತೆ ಮುಚ್ಚಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. ಮುಂದಿನ ಹುಳ ಹೊರಡುವುದು ಬುಧವಾರ. ಟ್ರೇ ಇಡುವ ಮೊದಲು ಕಾರಿನ ಹತ್ತಿರ ಅವಳೊಬ್ಬಳೇ ಇರುತ್ತಾಳೆ.

ಹರಿಕೃಷ್ಣ ಟೀ ಮುಗಿಸಿ, ಮೂವರು ಹೊಸ ಗಿರಾಕಿಗಳ ನಂಬರ್ ಬರೆದುಕೊಂಡು ಬಂದ. ಎಸಿ ಮೊದಲಿನಷ್ಟೇ ತಣ್ಣಗಿದೆಯಾ ಎಂದು ಕೇಳಿದ.

"ಹುಳಕ್ಕೆ ಸರಿಯಾಗಿದೆ," ಎಂದಳು ತನುಜ, ಮತ್ತು ಹಿಂದಿನ ಸೀಟಿನಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಳು.